ಹರಕೆಯ ಮುಡಿ

ಕತ್ತಿ ಶರತ್‌ನ ಹಣೆಯ ಅಂಚಿಗೆ ಬಂದಾಗ ಅಣ್ಣ ರಘು ಕಣ್ಣು ಮಿಟುಕಿಸದೆ ನೋಡಿದ. ಮಾಲೇಕಲ್ ತಿರುಪತಿಯ ಬೆಟ್ಟದ ಬುಡದಲ್ಲಿ ಕೂತಿದ್ದ ತಮ್ಮನ ತೊಡೆಯ ಮೇಲೆ ಕಪ್ಪು ಕೂದಲು ಕಂತೆಕಂತೆಯಾಗಿ ಬೀಳುತ್ತಿತ್ತು. ರಘುವಿಗೆ ಹಾಲು ಕುಡಿದಷ್ಟು ಸಂತೋಷ. ಯಾರಾದರೂ ಕಂಡಾರೆಂದು ಮುಖವನ್ನು ಸಪ್ಪಗೆ ಮಾಡಿಕೊಂಡ.

ಅಪ್ಪ ತಿಮ್ಮಯ್ಯನಿಂದ ಇಬ್ಬರು ಮಕ್ಕಳಿಗೂ ಒಂದಿಷ್ಟೂ ಭೇದವಿಲ್ಲದೆ ಬಂದದ್ದೆಂದರೆ ಬೋಳುತಲೆ. ಕಣಕಟ್ಟೆಯ ತೆಂಗಿನ ತೋಟ ನೋಡಿಕೊಳ್ಳುವ ರಘುವಿಗೆ, ಹೆಣ್ಣು ನೋಡಲು ಹೋದ ಮನೆಗಳಲ್ಲಿ ಉಪ್ಪಿಟ್ಟು ತಿಂದು ಬಂದದ್ದಷ್ಟೇ ಲಾಭ. ಅರಸೀಕೆರೆಯ ಬ್ಯಾಂಕಿನಲ್ಲಿದ್ದ ಶರತ್‌ನದೂ ಅದೇ ಕಥೆ. ಆಗೆಲ್ಲ ರಘುವಿಗೆ ತಮ್ಮನೆಂದರೆ ಎಂಥ ಪ್ರೀತಿ! ಒಂದೇ ಥರದ ಟೋಪಿ ಹಾಕಿಕೊಂಡು ಒಂದೇ ಬೈಕಿನಲ್ಲಿ ಸಂತೆಗೆ ಹೋಗುತ್ತಿದ್ದರು.

ಒಂದು ದಿನ ಶರತ್ ಯಾರಿಗೂ ಹೇಳದೆ ಮೈಸೂರಿಗೆ ಹೋಗಿ, ಹಿಂದಲೆಯ ಕೂದಲನ್ನು ಬೇರುಸಹಿತ ತೆಗೆಸಿ ಮುಂದೆ ನೆಡಿಸಿಕೊಂಡು ಬಂದ. ಮೊದಮೊದಲು ನೆಟ್ಟದ್ದೆಲ್ಲ ಉದುರಿತು. ಆ ತಿಂಗಳು ರಘು ಚೆನ್ನಾಗಿ ನಿದ್ದೆ ಮಾಡಿದ. ಗಾಬರಿಯಾದ ಅವ್ವ ಅನುಸೂಯಮ್ಮ, ಮಗನಿಗೆ ಕೂದಲು ಬಂದರೆ ಅದನ್ನೇ ದೇವರಿಗೆ ಮುಡಿ ಕೊಡಿಸುತ್ತೇನೆಂದು ಹರಕೆ ಹೊತ್ತಳು. ವರ್ಷದೊಳಗೆ ಬಾಚಣಿಗೆ ಬೇಕಾಗುವಷ್ಟು ಬಂತು. ಹಗರೆಯ ಹೇಮಾಶ್ರೀ ಒಪ್ಪಿ, ಮದುವೆಯೂ ಗೊತ್ತಾಯಿತು. ಅಣ್ಣನನ್ನು ಬಿಟ್ಟು ತಮ್ಮನಿಗೆ!

ಹರಕೆಯ ಮಾತನ್ನು ಅವ್ವ ಎತ್ತಲಿಲ್ಲ. ರಘುವೇ ಎತ್ತಿದ.

"ಮದ್ವೆಗೆ ಮುಂಚೆ ತೀರಿಸ್ಬಿಡವ್ವ. ದೇವ್ರ ಹರ್ಕೆ ಬಾಕಿ ಮಡಿಕ್ಕಂಡು ತಾಳಿ ಕಟ್ಸಬಾರ್ದು."

"ಹುಡ್ಗಿ ಕಡೇರು ಏನಂತಾರೋ ಕಣಪ್ಪ..."

"ದೇವ್ರಿಗಿಂತ ಅವ್ರು ದೊಡ್ಡೋರಾ?"

ತೋಟದ ಜೊತೆಗೆ ರಾಗಿಯನ್ನೂ ನಾಟಿ ಮಾಡುವ ರಘುವಿಗೆ ತನ್ನದೇ ಲೆಕ್ಕವಿತ್ತು. ಪೈರು ಕಿತ್ತು ನೆಟ್ಟರೆ ಬರುವುದು ಒಂದೇ ಬೆಳೆ. ಕುಯ್ದ ಮೇಲೆ ಹೊಲದಲ್ಲಿ ಉಳಿಯುವುದು ಒಣ ಕೂಳೆಯಷ್ಟೇ, ಮತ್ತೆ ಚಿಗುರುವುದಿಲ್ಲ. ಹುಟ್ಟಿನಿಂದ ಬಂದ ಕೂದಲಾದರೆ ಬೇರೆ ಮಾತು, ಇದು ನೆಟ್ಟದ್ದು. ಶರತ್ ಕೂಗಾಡುತ್ತಾನೆಂದುಕೊಂಡಿದ್ದ. ಅವನು ನಕ್ಕು, "ಅಷ್ಟೇ ತಾನೆ? ಹೋಗಣ ನಡೀ" ಎಂದುಬಿಟ್ಟ. ಪಾಪ, ಬ್ಯಾಂಕಿನವನಿಗೆ ಬೇಸಾಯ ಏನು ಗೊತ್ತು ಎಂದುಕೊಂಡ ರಘು.

ಕ್ಷೌರ ಮುಗಿಯಿತು. ಶರತ್ ತಲೆಗೆ ಗಂಧ ಬಳಿದುಕೊಂಡು ಅಲ್ಲಿಂದಲೇ ಹೇಮಾಶ್ರೀಗೆ ವಿಡಿಯೊ ಕರೆ ಮಾಡಿದ. ರಘು ಹತ್ತಿರಕ್ಕೆ ಸರಿದು ನಿಂತ.

"ಅಯ್ಯೋ, ಏನ್ರೀ ಇದು!" ಎಂದು ಆಕೆ ಕಿಲಕಿಲ ನಕ್ಕಳು. "ಹೀಗೂ ಚೆನ್ನಾಗೇ ಕಾಣ್ತೀರಲ್ರೀ!"

ರಘುವಿನ ಹೊಟ್ಟೆಗೆ ಬೆಂಕಿ ಬಿತ್ತು. ಇದೇ ತಲೆಯನ್ನು ಹೊತ್ತುಕೊಂಡು ತಾನು ಎಷ್ಟು ಮನೆಗಳ ಚಾಪೆಯ ಮೇಲೆ ಕೂತಿಲ್ಲ, ಒಬ್ಬಳಾದರೂ ಹೀಗೆ ನಕ್ಕಳೇ? ಇರಲಿ, ಕೂದಲು ಬಾರದೇ ಹೋದಾಗ ಎಷ್ಟು ನಗುತ್ತಾಳೋ ನೋಡೋಣ ಎಂದು ಹಲ್ಲು ಕಚ್ಚಿದ.

ಮದುವೆಗೆ ಚಪ್ಪರ ಹಾಕುವುದಕ್ಕೆ ಹಿಂದಿನ ಭಾನುವಾರ, ಅವ್ವ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಜಗಲಿಯ ಮೇಲೆ ಕೂತಳು. ಎದುರಿಗೆ ಶರತ್.

"ಅಂಗೈಗೆ ಚುಚ್ತೈತೆ ಕಣೋ!" ಎಂದಳು ಅವ್ವ, ಮುಖವೆಲ್ಲ ಅರಳಿಸಿಕೊಂಡು.

"ಬೇರು ಒಳಗೇ ಇರುತ್ತಲ್ಲವ್ವ. ಬೋಳ್ಸುದ್ರೆ ಮತ್ತೆ ಬರುತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು."

ರಘು ಬಗ್ಗಿ ನೋಡಿದ. ಹಣೆಯಂಚಿನಿಂದ ನೆತ್ತಿಯವರೆಗೆ ಎಲ್ಲೂ ಬಿಡುವಿಲ್ಲದಂತೆ ಕಪ್ಪಾಗಿ ಮೊಳೆತಿತ್ತು. ಅವ್ವ ಮತ್ತೆ ಮತ್ತೆ ಎಣ್ಣೆ ಸುರಿದು ತಿಕ್ಕುತ್ತಲೇ ಇದ್ದಳು.

"ಬಾರಪ್ಪ, ನೀನೂ ಕೂತ್ಕ."

ರಘು ಹೋಗಿ ಕೂತ. ಬಟ್ಟಲು ಬರಿದಾಗಿತ್ತು. ಕೈಯಲ್ಲಿ ಉಳಿದಿದ್ದ ಎಣ್ಣೆಯನ್ನು ಅವ್ವ ಅವನ ನೆತ್ತಿಗೆ ಒರೆಸಿದಳು. ಕೈ ಎಲ್ಲೂ ತಡೆಯದೆ ಹಣೆಯವರೆಗೂ ಜಾರಿ ಬಂತು.