ಚೆಂಡಿನ ಕೆಳಗಿನ ಉಣ್ಣೆ

ಬೇಸಿಗೆಯಲ್ಲಿ ಹಿನ್ನೀರು ಸರಿದರೆ ಬಾಗಲಕೋಟೆಯ ಹೊರಗೆ ಮೈಲುಗಟ್ಟಲೆ ಹುಲ್ಲು ಏಳುತ್ತದೆ. ಚಂದಪ್ಪನ ಕುರಿಗಳು ಅದನ್ನು ನೆಲಮಟ್ಟ ಮೇಯುತ್ತವೆ. ಮೇಯ್ದು ಉಳಿದದ್ದು ಅವನ ಮಗಳು ಅಂಜನಾ ಕೆಲಸ ಮಾಡುವ ಗಾಲ್ಫ್ ಮೈದಾನದ ಹುಲ್ಲಿನಷ್ಟೇ ಗಿಡ್ಡ.

ಹುಬ್ಬಳ್ಳಿ ಕಡೆಯ ಆ ಮೈದಾನದಲ್ಲಿ ಅಂಜನಾ ಮೂರು ವರ್ಷದಿಂದ ಚೆಂಡು ಆರಿಸುತ್ತಿದ್ದಳು. ಆರಿಸುತ್ತಲೇ ಹೊಡೆಯಲೂ ಕಲಿತಳು. ಈಗ ಮಕ್ಕಳಿಗೆ ಕಲಿಸುವ ಸಹಾಯಕಿಯ ಜಾಗ ಖಾಲಿಯಿತ್ತು. ಕೋಚ್ ದೀಪಕ ಅವಳಿಗೆ ಫೇರ್‌ವೇ ವುಡ್ ಎಂಬ ಒಂದು ಹಳೆಯ ಕೋಲನ್ನೂ ಹದಿನೈದು ದಿನ ರಜೆಯನ್ನೂ ಕೊಟ್ಟು ಊರಿಗೆ ಕಳಿಸಿದ್ದ. ಆ ಜಾಗದ ಪರೀಕ್ಷೆಯಲ್ಲಿ ಬರಿ ನೆಲದ ಮೇಲಿಂದಲೇ ಹೊಡೆಯಲು ಹತ್ತು ಚೆಂಡು. ಅವುಗಳಲ್ಲಿ ಏಳಾದರೂ ನೂರೈವತ್ತು ಗಜದಾಚೆ ಬೀಳಬೇಕು.

ಆ ಕೋಲಿಗೆ ವುಡ್ ಎಂಬ ಹೆಸರಿದ್ದರೂ ತಲೆ ಉಕ್ಕಿನದು, ಹಿಡಿಕೆ ಉದ್ದ. ಆಟದ ಮೊದಲ ಹೊಡೆತಕ್ಕಾದರೆ ಚೆಂಡನ್ನು ಸಣ್ಣ ಮೊಳೆಯ ಮೇಲೆ ಕೂರಿಸಬಹುದು. ಆಮೇಲೆ ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ದೂರ ಕಳಿಸಲು ಈ ಕೋಲು ಬೇಕು. "ನೀ ಎತ್ತಾಕ ಹೋಗಬ್ಯಾಡ," ಎಂದಿದ್ದ ದೀಪಕ. "ಅದರ ಓರೆ ಮುಖಾನ ಚೆಂಡು ಎತ್ತತೈತಿ."

ಅವಳು ಎತ್ತಲು ಹೋದಳು. ಮೊದಲ ದಿನ, ಅಪ್ಪ ಕುರಿ ಮೇಯಿಸುವ ಬಯಲಲ್ಲಿ, ಕೋಲು ಚೆಂಡಿನ ಹಿಂದಿನ ನೆಲಕ್ಕೇ ಬಡಿದು ಮಣಿಕಟ್ಟು ಊದಿತು. ಎಡಗೈಯಿಂದ ರೊಟ್ಟಿ ಮುರಿಯುವ ಮಗಳನ್ನು ಚಂದಪ್ಪ ನೋಡಿದ.

ಮರುದಿನ ಅವನೇ ಚೆಂಡುಗಳನ್ನು ಕಿತ್ತುಕೊಂಡ. "ನೀ ಬಗ್ಗಬ್ಯಾಡ ಯವ್ವಾ, ನಾ ಸಾಲಾಗಿ ಇಡ್ತೇನಿ."

ಅಂದಿನಿಂದ ಚೆಂಡು ಹಾರತೊಡಗಿತು. ಅವಳು ನೂರೈವತ್ತು ಗಜ ಅಳೆದು ಎಳೆದಿದ್ದ ಗೆರೆಯಾಚೆ ಹತ್ತರಲ್ಲಿ ಎಂಟು, ಒಂಬತ್ತು, ಒಮ್ಮೆ ಹತ್ತಕ್ಕೆ ಹತ್ತು. ಅಂಜನಾ ದೀಪಕನಿಗೆ ಫೋನಿನಲ್ಲಿ ಹೇಳಿದ್ದೂ ಆಯಿತು.

ಹನ್ನೆರಡನೆಯ ದಿನ ಕೋಲನ್ನು ಒರೆಸುವಾಗ ಅದರ ತಳಕ್ಕೆ ಕಂದು ಉಣ್ಣೆ ಅಂಟಿತ್ತು. ಅವಳು ಹೋಗಿ ಸಾಲಿನ ಮುಂದಿನ ಚೆಂಡನ್ನು ಎತ್ತಿ ನೋಡಿದಳು. ಕೆಳಗೆ ಒಣಹುಲ್ಲಿನ ಬಣ್ಣದ ಒಂದು ಚಿಟಿಕೆ ಉಣ್ಣೆ. ಅದರ ಮುಂದಿನದಕ್ಕೂ. ಎಲ್ಲದಕ್ಕೂ.

"ಅಪ್ಪಾ, ಏನಿದು?"

"ನೆಲ ಕಲ್ಲಾಗೈತಿ. ಎಳಿ ಮರೀನ ಬರಿ ನೆಲಕ್ಕ ಹಾಕ್ತೇವೇನು? ಹಂಗ ಒಂಚೂರು ಹಾಸಿದ್ನಿ."

"ಇದು ಮರಿ ಅಲ್ಲೋ ಅಪ್ಪಾ! ಅಲ್ಲಿ ನನಗ ಯಾರು ಹಾಸ್ತಾರ?"

ಚಂದಪ್ಪನ ಮುಖ ಇಳಿಯಿತು. "ನಿನ್ನ ಕೈ ಊದಿತ್ತಲ್ಲ," ಎಂದ.

ಅವಳಿಗೆ ಅಳು ಬಂತು. ಅಪ್ಪ ಕಂಬಳಿಯ ಅಂಚಿನಿಂದ ಎಳೆ ಕಿತ್ತು, ಯಾರಿಗೂ ಕಾಣದಂತೆ, ದಿನಕ್ಕೆ ನೂರು ಸಲ ಬಗ್ಗಿದ್ದ. ಬಯ್ಯಲು ಬಾಯಿ ತೆರೆದವಳು ಉಣ್ಣೆಯನ್ನೆಲ್ಲ ಆರಿಸಿ ಅವನ ಜೇಬಿಗೆ ತುರುಕಿದಳು. ಬರಿ ನೆಲದ ಚೆಂಡಿನ ಮುಂದೆ ನಿಂತು ಹೊಡೆದಳು. ಚೆಂಡು ನೆಲಕ್ಕೆ ಉಜ್ಜುತ್ತ ಕುರಿಗಳ ಕಾಲಿಗೆ ನುಗ್ಗಿತು.

"ನಿನಗಿಂತ ನಮ್ಮ ಟಗರು ಚಲೋ ಹೊಡಿತೈತಿ," ಎಂದ ಚಂದಪ್ಪ, ಮೆಲ್ಲಗೆ.

"ಹಂಗಾರ ಅದನ್ನ ಕಳಸು ಪರೀಕ್ಷಾಕ್ಕ."

"ಸಿಟ್ಟಾಗಬ್ಯಾಡ. ಟಗರು ಹಾಯೂಮುಂದ ಮೈ ಭಾರ ಎಲ್ಲಾ ಮುಂದ ಹಾಕ್ತೈತಿ. ನೀ ಹೊಡಿಯೂಮುಂದ ಹಿಂದ ವಾಲ್ತಿ, ಕೊಡ ಎತ್ತವರಂಗ. ಅದಕ್ಕ ನಾ ಹಾಸಿದ್ನಿ."

ಅಂಜನಾ ಅವನನ್ನೇ ನೋಡಿದಳು. ಭಾರವನ್ನು ಮುಂದಿನ ಕಾಲಿಗೆ ತಂದು, ಚೆಂಡನ್ನು ಹೊಡೆದ ಮೇಲೆ ಹುಲ್ಲು ಸವರುವಂತೆ ಬೀಸಿದಳು. ಚೆಂಡು ತಗ್ಗಾಗಿ ಹೊರಟು, ಆಮೇಲೆ ತಾನಾಗಿಯೇ ಮೇಲೇರಿತು.

ಹದಿನಾಲ್ಕನೆಯ ಬೆಳಿಗ್ಗೆ, ಹೊರಡುವ ದಿನ, ಅವಳು ಹತ್ತು ಚೆಂಡನ್ನು ಅಪ್ಪನಿಗೆ ಕೊಟ್ಟಳು. "ಇಡಬ್ಯಾಡ. ಒಗಿ. ಎಲ್ಲಿ ಬೀಳ್ತಾವ ಅಲ್ಲಿಂದ ಹೊಡಿತೇನಿ."

ಅವನು ಒಗೆದ, ಮೊಟ್ಟೆ ಉರುಳಿಸುವಂತೆ. ಒಂದು ಚೆಂಡು ಗೊರಸು ಮೂಡಿ ಒಣಗಿದ ಗುಂಡಿಗೆ ಬಿತ್ತು. ಚಂದಪ್ಪನ ಕಾಲು ಅದರತ್ತ ಸರಿಯಿತು. ಅವನೇ ಕಾಲು ಹಿಂದೆಗೆದು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ.

ಅವಳು ಹೊಡೆದ ಹತ್ತರಲ್ಲಿ ಆರು ಚೆಂಡು ಗೆರೆ ದಾಟಿದವು. ಗುಂಡಿಯದು ದಾಟಲಿಲ್ಲ.

"ಒಂದು ಕಮ್ಮಿ," ಎಂದಳು.

"ಬಸ್ಸು ಹನ್ನೊಂದಕ್ಕ. ಇನ್ನೂ ಹೊತ್ತೈತಿ," ಎಂದ ಚಂದಪ್ಪ.

ಇಬ್ಬರೂ ನಡೆದು ಚೆಂಡುಗಳನ್ನು ಆರಿಸಿದರು. ಈ ಸಲ ಚಂದಪ್ಪ ಬಿಸಿಲಿಗೆ ಬಿರುಕುಬಿಟ್ಟ ನೆಲದ ಕಡೆ ತಿರುಗಿದ, ಕೈ ಹಿಂದಕ್ಕೆ ಚಾಚಿದ, ಹತ್ತನ್ನೂ ಬಲವಾಗಿ ಬೀಸಿ ಒಗೆದ.

"ಹೊಡಿ," ಎಂದ.