ಒಣಗಿಸುವ ಯಂತ್ರವೋ, ಭೌತಶಾಸ್ತ್ರವೋ

ಬಟ್ಟೆ ಒಣಗಿಸುವ ದೊಡ್ಡ ಯಂತ್ರಕ್ಕೆ ಮೂರು ಲಕ್ಷ. ಭೌತಶಾಸ್ತ್ರದ ಪದವಿಗೂ, ಮೂರು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ, ಬಸ್ ಚಾರ್ಜು ಎಲ್ಲ ಸೇರಿ, ಹೆಚ್ಚುಕಡಿಮೆ ಅಷ್ಟೇ. ಲಾಂಡ್ರಿ ಅಂಗಡಿಯ ಒಡತಿಯ ಹತ್ತಿರ ಇದ್ದದ್ದು ಒಂದೇ ಮೂರು ಲಕ್ಷ. ಗಂಡ ತೀರಿಕೊಂಡ ಮೇಲೆ ಹೊಟ್ಟೆ ಬಾಯಿ ಕಟ್ಟಿ ಕೂಡಿಸಿದ್ದು. ಕಾಲೇಜಿಗೆ ಮಗಳ ಫೀಸು ಕಟ್ಟಲು ಶನಿವಾರ ಕೊನೆಯ ದಿನ, ಅವತ್ತು ಗುರುವಾರ.

ಅವಳು ಕಣ್ಣು ಮುಚ್ಚಿಕೊಂಡು ದುಡ್ಡು ಸುರಿಯುವ ಪೈಕಿಯಲ್ಲ. ಭೌತಶಾಸ್ತ್ರ ಓದಿದವರು ಎಷ್ಟು ದುಡಿಯುತ್ತಾರೆ ಎಂದು ತನ್ನದೇ ರೀತಿಯಲ್ಲಿ ವಿಚಾರಿಸಿದ್ದಳು. ಬಾಯಿಬಿಟ್ಟು ಕೇಳಿದರೆ ಯಾರೂ ಸಂಬಳ ಹೇಳುವುದಿಲ್ಲ, ಬಟ್ಟೆ ಹೇಳುತ್ತದೆ. ಗಿರಾಕಿಗಳಲ್ಲಿ ಅಂಥವರು ಮೂವರಿದ್ದರು. ಹೈಸ್ಕೂಲು ಮೇಷ್ಟರ ಷರಟುಗಳ ಕಾಲರು ಸವೆದು, ತಿರುಗಿಸಿ ಹೊಲಿಸಿದ್ದವು. ಬ್ಯಾಂಕಿನ ಗುಮಾಸ್ತನವು ಗಟ್ಟಿಮುಟ್ಟಾಗಿದ್ದವು, ಆದರೆ ಅವನ ಕೆಲಸಕ್ಕೂ ಅವನು ಓದಿದ್ದಕ್ಕೂ ಎತ್ತಣಿಂದೆತ್ತ ಸಂಬಂಧ. ಮೂರನೆಯವನು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಎಷ್ಟು ವಿಕಿರಣ ಕೊಡಬೇಕೆಂದು ಲೆಕ್ಕ ಹಾಕುವವನು. ಒಳ್ಳೆಯ ಹತ್ತಿ ಷರಟುಗಳು. ಬಿಲ್ಲಿನ ಕಡೆ ನೋಡದೆ ದುಡ್ಡು ಕೊಡುತ್ತಿದ್ದ. ಆದರೆ ಅವನು ಓದಿದ್ದು ಮೂರಲ್ಲ, ಏಳು ವರ್ಷ.

"ಮೂವರಲ್ಲಿ ಒಬ್ಬ," ಅಂದಳು ಅವಳು, ಲಾಡ್ಜಿನ ಚಾದರದ ತುದಿ ಹಿಡಿದು. ಇನ್ನೊಂದು ತುದಿ ಮಗಳ ಕೈಯಲ್ಲಿತ್ತು. "ಅದೇ ಓದಬೇಕು ಅಂತ ಯಾಕೇ ಹಟ?"

"ಬಿಸಿ ಅಂದ್ರೆ ಏನು ಅಂತ ಗೊತ್ತಾಗಬೇಕಮ್ಮ."

"ಇಸ್ತ್ರಿ ಪೆಟ್ಟಿಗೆ ಮೇಲೆ ಬೆರಳಿಡು, ಪುಕ್ಕಟೆ ಗೊತ್ತಾಗುತ್ತೆ," ಅಂದ ಸ್ಟೂಲಿನ ಮೇಲೆ ಕೂತಿದ್ದ ಸೋದರಮಾವ. ಒಡತಿಯ ತಮ್ಮ, ಯಂತ್ರ ಕೊಡಿಸುವ ದಲ್ಲಾಳಿ.

"ಇಟ್ಟಿದ್ದೀನಿ ಮಾವ. ನೋವು ಗೊತ್ತಾಯ್ತು, ಬಿಸಿ ಗೊತ್ತಾಗಲಿಲ್ಲ."

"ನೋಡಕ್ಕ, ಬಾಯಿ! ಯಂತ್ರ ಹೀಗೆ ಎದುರು ಮಾತಾಡಲ್ಲ. ತಂದಿಟ್ಟ ಮಾರನೇ ದಿನದಿಂದ ದುಡಿಯುತ್ತೆ. ಬಿಸಿಲಿಲ್ಲದ ತಿಂಗಳಲ್ಲೂ ಲಾಡ್ಜಿನವರಿಗೆ ಹೇಳಿದ ದಿನ ಚಾದರ ಕೊಡಬಹುದು."

"ನಿನಗೆಷ್ಟೋ ಕಮಿಷನ್ನು?"

"ಅಕ್ಕನ ಹತ್ತಿರ ತಗೋತೀನಾ? ಯಂತ್ರದ ಅಂಗಡಿಯವನು ಕೊಟ್ರೆ ಬೇಡ ಅನ್ನೋದು ಮರ್ಯಾದೆ ಅಲ್ಲ, ಅಷ್ಟೇ."

ಮೂವರೂ ನಕ್ಕರು. ತಮ್ಮ ಮಾತ್ರ ಬೇಗ ನಗು ನಿಲ್ಲಿಸಿದ. "ಇನ್ನೊಂದು ಮರೆತಿದ್ದೀಯ. ಇವಳು ಹೋದ್ರೆ ಇಸ್ತ್ರಿ ಮಾಡೋರು ಯಾರು? ಆಳು ಇಡಬೇಕು. ತಿಂಗಳಿಗೆ ಎಂಟು ಸಾವಿರ. ಮೂರು ವರ್ಷಕ್ಕೆ ಎರಡು ಲಕ್ಷದ ಎಂಬತ್ತೆಂಟು ಸಾವಿರ. ಅದನ್ನೂ ಓದಿನ ಖರ್ಚಿಗೇ ಸೇರಿಸು. ಮೂರಲ್ಲ, ಆರು ಲಕ್ಷ!"

ಮಗಳ ಮುಖ ಇಳಿದುಹೋಯಿತು. ಒಡತಿ ಮಡಚಿದ ಚಾದರವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಾಡಿಸಿದಳು.

"ನೀನು ಇಸ್ತ್ರಿಗೆ ನಿಂತಿದ್ದು ಯಾವಾಗಿಂದ?" ಎಂದು ಮಗಳನ್ನು ಕೇಳಿದಳು.

"ಒಂಬತ್ತನೇ ಕ್ಲಾಸಿಂದ. ಸ್ಕೂಲು ಬಿಟ್ಟ ಮೇಲೆ."

"ಅರ್ಧ ದಿನ ಅನ್ನು. ತಿಂಗಳಿಗೆ ನಾಲ್ಕು ಸಾವಿರ. ನಾಲ್ಕು ವರ್ಷಕ್ಕೆ..." ತಮ್ಮನ ಕಡೆ ತಿರುಗಿದಳು. "ನಿನಗೆ ಬಾಯಿಲೆಕ್ಕ ಚೆನ್ನಾಗಿ ಬರುತ್ತಲ್ಲ, ಹೇಳು."

"ಎರಡು ಲಕ್ಷಕ್ಕೆ ಎಂಟು ಸಾವಿರ ಕಮ್ಮಿ," ಅಂದ ಅವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. "ಅಕ್ಕ, ಮನೆ ಮಕ್ಕಳಿಗೆ ಯಾರಾದ್ರೂ ಸಂಬಳದ ಲೆಕ್ಕ ಹಾಕ್ತಾರಾ?"

"ನೀನೇ ಈಗ ಹಾಕಿದೆಯಲ್ಲೋ. ಅವಳು ಹೋಗುವಾಗ ಲೆಕ್ಕಕ್ಕೆ ಬರೋ ಕೆಲಸ, ಇಲ್ಲಿದ್ದಾಗ ಯಾಕೆ ಬರಲ್ಲ?"

"ನಾನು ಸಂಬಳ ಕೇಳಲಿಲ್ಲಮ್ಮ," ಅಂದಳು ಮಗಳು. ಧ್ವನಿಯಲ್ಲಿ ಬೇಸರವಿತ್ತು.

"ಕೇಳಲಿಲ್ಲ ಅಂತಲೇ ನನಗೂ ತೋಚಲಿಲ್ಲ. ನನ್ನ ಗಂಟು ಅಂದುಕೊಂಡಿದ್ದೆ, ಮೂರರಲ್ಲಿ ಎರಡು ಪಾಲು ನಿನ್ನದೇ. ನಿನ್ನ ದುಡ್ಡಲ್ಲಿ ನಾನು ಯಂತ್ರ ತಗೊಂಡ್ರೆ ಚೆನ್ನಾಗಿರಲ್ಲ. ಉಳಿದದ್ದು ನಾನು ಹಾಕ್ತೀನಿ. ಆದ್ರೆ ಮೂರೇ ವರ್ಷ. ಅದರ ಮೇಲೆ ಓದಬೇಕಾದ್ರೆ ನಿನ್ನ ದಾರಿ ನೀನು ನೋಡ್ಕೋ."

ಶುಕ್ರವಾರ ಬೆಳಿಗ್ಗೆ ಫೀಸು ಕಟ್ಟಿದರು. ತಮ್ಮ ಒಂದು ತಿಂಗಳು ಅಂಗಡಿ ಕಡೆ ಸುಳಿಯಲಿಲ್ಲ. ಆಮೇಲೆ ಒಗೆಯಲು ಪ್ಯಾಂಟುಗಳನ್ನು ಹಿಡಿದುಕೊಂಡು ಬಂದ, ಮಾತೂ ಶುರುವಾಯಿತು.

ಎರಡನೇ ವರ್ಷದ ಮೋಡದ ತಿಂಗಳಲ್ಲಿ ಚಾದರಗಳು ಸತತವಾಗಿ ತಡವಾದವು. ಲಾಡ್ಜಿನವರು ಯಂತ್ರವಿದ್ದ ಬೇರೆ ಲಾಂಡ್ರಿಗೆ ಹೋದರು. ಅಂಗಡಿಯ ಆದಾಯದಲ್ಲಿ ಮೂರನೇ ಒಂದು ಪಾಲು ಅವರ ಜೊತೆಗೇ ಹೋಯಿತು, ತಿರುಗಿ ಬರಲಿಲ್ಲ. ಪದವಿ ಮುಗಿಸಿದ ಮಗಳಿಗೆ ಒತ್ತಡದ ಮೀಟರುಗಳನ್ನು ಪರೀಕ್ಷಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳ ಇಸ್ತ್ರಿ ಆಳಿನದಕ್ಕಿಂತ ಮೂರು ಸಾವಿರ ಹೆಚ್ಚು. ಅದರಲ್ಲೇ ಮುಂದಿನ ಓದಿಗೆ ಅವಳು ಕೂಡಿಡುತ್ತಿದ್ದಾಳೆ. ಹಾಕಿದ ದುಡ್ಡು ಇನ್ನೂ ಹುಟ್ಟಿಲ್ಲ, ಹುಟ್ಟಲು ಎಷ್ಟು ವರ್ಷ ಬೇಕೋ ಒಡತಿಗೆ ತಿಳಿಯದು. ಮಗಳಿಗೆ ಬೇಕಾಗಿದ್ದ ಓದು ಮಾತ್ರ ಮಗಳಿಗೆ ಸಿಕ್ಕಿದೆ.