ಹಸಿರು ಡಬ್ಬಿಯ ಗುಂಡು

ಪಿಸ್ತೂಲು ಕೈಕೊಟ್ಟಾಗ ಎಲ್ಲರೂ ಮೊದಲು ನೋಡುವುದು ನನ್ನ ಮಣಿಕಟ್ಟನ್ನು. ಅದೇ ನನಗೆ ಮೈ ಉರಿಯುವ ವಿಷಯ. ಹತ್ತು ಗುಂಡು ಹಾರಿಸಿದರೆ ನಾಲ್ಕು ಸಲ ಗುಂಡಿನ ಖಾಲಿ ಕೇಸ್ ಹೊರಗೆ ಹಾರದೆ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಬಾಯಲ್ಲೇ ಕಚ್ಚಿಕೊಂಡು ಕೂರುತ್ತಿತ್ತು. ತಪ್ಪು ಯಾರದು? ಬಾಗಲಕೋಟೆಯ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಇದಕ್ಕೆ ಉತ್ತರ ತಯಾರಾಗಿಯೇ ಇತ್ತು.

“ಕೈ ಸಡ್ಲ ಬಿಡ್ತಿ, ಭಾಗ್ಯಜ್ಯೋತಿ,” ಎಂದರು ಕಾರ್ಯದರ್ಶಿ ಸತ್ಯಬೋಧ ಸರ್. “ಕೈ ಗಟ್ಟಿ ಇರ್ಲಿಲ್ಲಂದ್ರ ಸ್ಲೈಡು ಪೂರ್ತಿ ಹಿಂದ ಹೋಗೂದಿಲ್ಲ. ರವಿವಾರ ಆಯ್ಕೆ ಅದ. ಹಿಂಗ ಆದ್ರ ಪ್ರಾಚಿ ಹೆಸರ ಕಳಸಬೇಕಾಗ್ತದ ನೋಡು.”

ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಒಬ್ಬಳೇ ಹೋಗಬಹುದು. ಪ್ರಾಚಿಗೆ ಸ್ವಂತ ಪಿಸ್ತೂಲಿದೆ. ನನಗೆ ಕ್ಲಬ್ಬಿನದೇ ಗತಿ. ಮರೋಳದ ಪಂಪ್‌ಹೌಸಿನಲ್ಲಿ ಪಾಳಿ ಮುಗಿಸಿ, ಹುನಗುಂದದಲ್ಲಿ ಬಸ್ಸು ಹಿಡಿದು, ಎರಡು ವರ್ಷ ವಾರಕ್ಕೆರಡು ಸಲ ಬಂದು ಕಲಿತದ್ದು ಆ ಒಂದು ಹೆಸರಿಗಾಗಿ. ಅದನ್ನು ಸುಮ್ಮನೆ ಬಿಟ್ಟುಕೊಡುವ ಪೈಕಿಯವಳು ನಾನಲ್ಲ.

ಪಂಪು ನಿಂತರೆ ನಾವು ಮಾಡುವುದು ಇಷ್ಟೇ: ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಿ ನೋಡುವುದು. ಶನಿವಾರ ಬೆಳಿಗ್ಗೆ ಹಾಗೇ ಕೂತೆ. ಕ್ಲಬ್ಬಿನಲ್ಲಿ ಅಭ್ಯಾಸಕ್ಕೆಂದು ಮೂರು ಬಗೆಯ ಗುಂಡುಗಳಿದ್ದವು. ಹಸಿರು ಡಬ್ಬಿಯವು ನಿಧಾನದವು, ಸ್ಪರ್ಧೆಯಲ್ಲಿ ಕೊಡುವುದೂ ಅವನ್ನೇ. ಕೆಂಪು ಡಬ್ಬಿಯವು ಬೇರೆ ಕಂಪನಿಯವು, ಅವೂ ನಿಧಾನದವೇ. ನೀಲಿ ಡಬ್ಬಿಯವು ಜೋರಿನವು. ಒಂದೊಂದರಲ್ಲಿ ಹತ್ತು ಹತ್ತು ಹಾರಿಸಿದೆ. ಹಸಿರು ನಾಲ್ಕು ಸಲ ಸಿಕ್ಕಿಕೊಂಡಿತು, ಕೆಂಪು ಐದು ಸಲ. ನೀಲಿ ಒಂದು ಸಲವೂ ಇಲ್ಲ.

“ಕಂಡಿತಲ್ಲ? ಗುಂಡಿಗಿ ಜೋರಿಲ್ಲ, ಕೈಯಾಗ ಬಿಗಿ ಇಲ್ಲ,” ಎಂದು ಸರ್ ಆಫೀಸಿಗೆ ನಡೆದರು.

ಹಸಿರು ಡಬ್ಬಿಯನ್ನೇ ಮತ್ತೆ ತೆಗೆದೆ. ಈ ಸಲ ಮೊಣಕೈಯನ್ನು ಮರಳಿನ ಚೀಲದ ಮೇಲೆ ಊರಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಹಾರಿಸಿದೆ. ಆಗಲೂ ನಾಲ್ಕು ಸಲ ಸಿಕ್ಕಿಕೊಂಡಿತು. ನನ್ನ ಮಣಿಕಟ್ಟು ಖುಲಾಸೆ! ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ನಕ್ಕೆ.

ಇನ್ನು ಉಳಿದದ್ದು ಪಿಸ್ತೂಲು. ಅದನ್ನು ಖಾಲಿ ಮಾಡಿ, ಸ್ಲೈಡನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟೆ. ಪಟ್ಟನೆ ಮುಂದೆ ಬರಬೇಕಾದದ್ದು ಬೇಸಿಗೆಯ ಎಮ್ಮೆಯಂತೆ ಕಾಲೆಳೆದುಕೊಂಡು ಬಂತು. ಅದು ಜಾರುವ ತೋಡಿನಲ್ಲಿ ಬೆರಳಾಡಿಸಿದರೆ ಹಳದಿ ಜಿಗುಟು. ಮೂಸಿ ನೋಡಿದೆ. ನಮ್ಮ ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಮೈ ಹೀಗೇ ಅಂಟುತ್ತದೆ, ಹೀಗೇ ನಾರುತ್ತದೆ.

ಶಸ್ತ್ರಾಗಾರದ ಕೀಲಿ ಯಂಕಪ್ಪ ಕಾಕಾರ ಹತ್ತಿರ. ನಿವೃತ್ತ ಪೊಲೀಸ್ ಹವಾಲ್ದಾರ. ನನಗೆ ಪಿಸ್ತೂಲು ಹಿಡಿಯಲು ಕಲಿಸಿದವರು ಅವರೇ. ತಾವು ತಪ್ಪಿದ್ದನ್ನು ಹೆಂಡತಿಯ ಮುಂದೂ ಒಪ್ಪದ ಮನುಷ್ಯ.

“ಕಾಕಾ, ಇದಕ್ಕ ಯಾವ ಎಣ್ಣಿ ಹಾಕೀರಿ?”

“ಎಣ್ಣಿ ಅಂದ್ರ ಎಣ್ಣಿ. ಮಹಾನವಮಿಗೆ ಆಯುಧಕ್ಕೆಲ್ಲ ಖಂಡೆ ಪೂಜಾ ಮಾಡಿ ಹಚ್ಚಿದ್ದು. ಗಾಣದ ಕುಸುಬಿ ಎಣ್ಣಿ, ಮನಿಂದ ತಂದೇನಿ. ನಲವತ್ತ ವರ್ಷ ರೈಫಲ್ಲಿಗೆ ಅದನ್ನ ಹಚ್ಚೇನಿ. ಒಂದರೆ ಕೆಟ್ಟೈತೇನು?”

“ಆಮ್ಯಾಲೆ ಒರಿಸಿದ್ರಿ?”

“ಪೂಜಾ ಮಾಡಿದ್ದನ್ನ ಯಾರರೆ ಒರಸ್ತಾರೇನವಾ?”

ನನಗೆ ಅಳು ಬರುವ ಹಾಗಾಯಿತು, ನಗುವೂ ಬಂತು. “ಕಾಕಾ, ನಿಮ್ಮ ರೈಫಲ್ಲಿನ ಬೋಲ್ಟ್ ನೀವು ಕೈಯಿಂದ ಜಗ್ತಿದ್ರಿ. ಅಂಟಿದ್ರೂ ನಿಮ್ಮ ತೋಳು ಎಳೀತಿತ್ತು. ಇದನ್ನ ಗುಂಡು ತಾನೇ ಹಿಂದಕ್ಕ ದೂಡಬೇಕು. ನೀಲಿ ಡಬ್ಬಿದು ದೂಡ್ತೈತಿ. ಹಸರ ಡಬ್ಬಿದಕ್ಕ ಅಷ್ಟ ಶಕ್ತಿ ಇಲ್ಲ. ಕುಸುಬಿ ಎಣ್ಣಿ ಒಣಗಿ ಅಂಟಾಗೇತಿ, ನೋಡ್ರಿ.”

ಬೆರಳನ್ನು ಅವರ ಮೂಗಿಗೆ ಹಿಡಿದೆ. ಕಾಕಾ ಮೂಸಿದರು. ಪಿಸ್ತೂಲನ್ನು ಕಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಿಟ್ಟು ಬಂದಿದೆ, ಇನ್ನು ಆಯ್ಕೆಯ ಮಾತು ಬಿಡು ಎಂದುಕೊಂಡೇ ಬಸ್ಸು ಹತ್ತಿದೆ.

ರವಿವಾರ ನಾನು ಬರುವಷ್ಟರಲ್ಲಿ ಸರ್ ಪ್ರಾಚಿಯ ಹೆಸರನ್ನು ಫಾರಮ್ಮಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಅವಳು ಆಗಲೇ ಮುನ್ನೂರಕ್ಕೆ ಇನ್ನೂರ ಅರವತ್ತೊಂದು ಹೊಡೆದಿದ್ದಳು. “ನಡು ನಡುವ ನಿಲ್ಲೂ ಪಿಸ್ತೂಲಿಗೆ ಮೂವತ್ತು ಗುಂಡು ಯಾಕ ಹಾಳ ಮಾಡೂದು?” ಎಂದರು ಸರ್. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಕಾಕಾ ಬಂದು, ಹಳೆಯ ಸೆಲ್ಯೂಟು ಹೊಡೆದು ನಿಂತರು.

“ತಪ್ಪ ನಂದ್ರಿ ಸರ್. ಅಡಿಗಿ ಎಣ್ಣಿ ಹಚ್ಚಿ ಅಂಟ ಮಾಡಿದವ ನಾ. ಈಗ ಎಲ್ಲಾ ಬಿಚ್ಚಿ ತೊಳದೇನಿ. ಹುಡುಗಿ ಕೈ ಚಲೋ ಐತಿ. ಅಕಿಗೆ ಹಸರ ಡಬ್ಬಿ ಕೊಡ್ರಿ.”

ಸರ್ ಹಸಿರು ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಕಾಕಾ ಹೊರಗೆ ಹೋದರು.

ಮೊದಲ ಗುಂಡಿಗೆ ಕೇಸ್ ಟಣ್ಣನೆ ಹಾರಿ ಬಿತ್ತು. ದುರ್ಬೀನಿನಲ್ಲಿ ಗುರಿಹಲಗೆ ನೋಡಿದರೆ ಗುಂಡು ಬಿದ್ದದ್ದು ಏಳರ ವೃತ್ತದಲ್ಲಿ. ಇಷ್ಟು ದಿನ ಬೈಯಲು ಪಿಸ್ತೂಲಿತ್ತು, ಗುಂಡಿತ್ತು. ಈಗ ಬೈದರೆ ನನ್ನನ್ನೇ ಬೈಯಬೇಕು. ಕೈ ಇಳಿಸಿದೆ. ಪ್ರಾಚಿಯ ಅಂಕಿಯನ್ನು ತಲೆಯಿಂದ ತೆಗೆದು, ಮುಂದಿನ ಒಂದೇ ಗುಂಡನ್ನು ಇಟ್ಟುಕೊಂಡೆ. ಒಂಬತ್ತು. ಮತ್ತೆ ಒಂದೇ ಒಂದು. ಹತ್ತು. ಹೀಗೆ ಮೂವತ್ತೂ ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಸರ್ ಎರಡು ಸಲ ಕೂಡಿಸಿದರು. ಇನ್ನೂರ ಅರವತ್ನಾಲ್ಕು. ರಬ್ಬರು ಎಲ್ಲಿದೆ ಎಂದು ಜೇಬು ತಡಕಾಡತೊಡಗಿದರು. ಪ್ರಾಚಿ ತನ್ನದನ್ನೇ ತೆಗೆದು ಕೊಟ್ಟಳು. ಪಾಪ, ಅವಳ ಮುಖ ನೋಡಲಾಗದೆ ನಾನು ಹೊರಗೆ ಓಡಿದೆ.

ಕಾಕಾ ಗೋಡೆಗೆ ಮುಖ ಮಾಡಿ ನಿಂತಿದ್ದರು. ಎಷ್ಟು ಅಂಕ ಎಂದು ಕೇಳಲೇ ಇಲ್ಲ.

“ಮೂವತ್ತೂ ಎಣಿಸೇನಿ,” ಎಂದರು. “ನಡುವ ಎಲ್ಲೂ ನಿಲ್ಲಲಿಲ್ಲಲ್ಲವಾ?”

“ಇಲ್ಲ ಕಾಕಾ,” ಎಂದೆ. ಅವರು ತಲೆಗೆ ಸುತ್ತಿದ ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡರು.